ಗರಗಸದ ಆಚೆಯ ಹಿಡಿ

ಮೊದಲು ನಮಸ್ಕಾರ. ನನ್ನನ್ನು ಹೆತ್ತವರಿಗೆ, ಅಕ್ಷರ ತಿದ್ದಿಸಿದ ಪಾಠಶಾಲೆಯ ಗುರುಗಳಿಗೆ, ಅಂಕಿಗಳಿಗೂ ಮೈಯಿದೆ, ಮೈಯಲ್ಲಿ ನೆತ್ತರಿದೆ ಎಂದು ಕಲಿಸಿದ ಮೈಸೂರಿನ ಉಪಾಧ್ಯಾಯರಿಗೆ, ಬಾಲ್ಯದಲ್ಲಿ ನನ್ನ ಮೈ ತೊಳೆದ ತುಂಗೆಗೆ, ಯೌವನದಲ್ಲಿ ನನ್ನ ಗಾಯ ತೊಳೆದ ಶರಾವತಿಗೆ. ಮನೆದೇವರ ಕೃಪೆಯಿಂದ ನನಗೆ ದೊರೆತ ಆಯುಸ್ಸು ನಾನು ಓದಿದ ಯಾವ ಕೋಷ್ಟಕವೂ ಭರವಸೆ ಕೊಟ್ಟದ್ದಕ್ಕಿಂತ ದೀರ್ಘವಾದದ್ದು. ಆ ಹೆಚ್ಚುವರಿಗೆ ಕೃತಜ್ಞನಾಗಿ, ನನ್ನ ಪಕ್ಕೆಲುಬು ಮುರಿದವರನ್ನೂ ಅದನ್ನು ಕಟ್ಟಿದವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ, ಕೈಮುಗಿದು, ಈ ನೆನಪನ್ನು ಬರೆಯಲು ತೊಡಗುತ್ತೇನೆ.

ನಮ್ಮ ತಂದೆಯವರು ತೀರ್ಥಹಳ್ಳಿಯಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದರು. ನನ್ನನ್ನು ಮೊದಲು ಸಂಸ್ಕೃತ ಪಾಠಶಾಲೆಗೆ ಸೇರಿಸಿ, ಕಾವ್ಯ ವ್ಯಾಕರಣಗಳ ಪಾಠ ಮುಗಿದ ಮೇಲೆ, ಗಣಿತವೂ ಜ್ಯೋತಿಷದ ದಾಯಾದಿಯೇ ಎಂಬ ಸಮಾಧಾನದಿಂದ ಮೈಸೂರಿಗೆ ಕಳುಹಿಸಿದರು. ಅಲ್ಲಿ ಉಪಾಧ್ಯಾಯರೊಬ್ಬರು ನನ್ನನ್ನು ವಿಮಾಗಣಿತದ ಕಡೆಗೆ ತಿರುಗಿಸಿದರು. ಆಗ ನಮ್ಮ ಸೀಮೆಯಲ್ಲಿ ಆ ವಿದ್ಯೆಯ ಹೆಸರು ಕೇಳಿದವರೇ ವಿರಳ. ಜೀವವಿಮೆಗೆ ಎಷ್ಟು ಕಂತು ಕಟ್ಟಿಸಿಕೊಳ್ಳಬೇಕೆಂದು ಗೊತ್ತುಮಾಡಬೇಕಾದರೆ ಯಾವ ವಯಸ್ಸಿನವರು, ಯಾವ ಕಸುಬಿನವರು, ಎಷ್ಟು ಮಂದಿ ಸಾಯುತ್ತಾರೆಂದು ಮೊದಲು ತಿಳಿಯಬೇಕಷ್ಟೆ. ಆ ತಿಳಿವಳಿಕೆಯ ಶಾಸ್ತ್ರ ಅದು. ಪರೀಕ್ಷೆಗಳು ಲಂಡನ್ನಿನಿಂದ ಬರುತ್ತಿದ್ದವು. ಪುಸ್ತಕಗಳು ಹಡಗಿನಲ್ಲಿ ಬರುತ್ತಿದ್ದವು, ತಡವಾಗಿ, ಒಮ್ಮೊಮ್ಮೆ ನೀರು ಕುಡಿದು ಉಬ್ಬಿ.

ಆ ಶಾಸ್ತ್ರದ ಮೂಲ ಮರಣ ಕೋಷ್ಟಕ. ಅದರ ತಲೆಯಲ್ಲಿ ಒಂದು ಲಕ್ಷ ಶಿಶುಗಳು ಹುಟ್ಟುತ್ತವೆ. ಸಾಲಿನಿಂದ ಸಾಲಿಗೆ ಇಳಿದಂತೆ ಕೆಲವರು ಬೀಳುತ್ತಾರೆ. ಕೊನೆಯ ಸಾಲಿನಲ್ಲಿ ಯಾರೂ ನಿಂತಿರುವುದಿಲ್ಲ. ಬಾಣವಿಲ್ಲದ, ಆರ್ತನಾದವಿಲ್ಲದ ಯುದ್ಧಭೂಮಿ. ಉಪಾಧ್ಯಾಯರು ಮರದ ಅಳತೆಪಟ್ಟಿಯಿಂದ ಒಂದೊಂದು ಸಾಲಿಗೂ ಮೇಜಿನ ಮೇಲೆ ಒಂದೊಂದು ಪೆಟ್ಟು ಹಾಕುತ್ತಿದ್ದರು. ಒಮ್ಮೆ ನಾನು ಒಂದು ಭಾಗಾಕಾರವನ್ನು ಬೇಗ ಮುಗಿಸಿ ಹೆಮ್ಮೆಯಿಂದ ಕೈಯೆತ್ತಿದಾಗ ಆ ಪಟ್ಟಿ ನನ್ನ ಬೆರಳ ಗೆಣ್ಣಿನ ಮೇಲೆ ಬಿತ್ತು. "ನೀನು ಭಾಗಿಸಿದ್ದು ಹೆಣಗಳನ್ನು," ಎಂದರು. "ಕೈ ಒಂದಿಷ್ಟಾದರೂ ನಡುಗಲಿಲ್ಲವೆಂದರೆ ಈ ವಿದ್ಯೆ ನಿನಗೆ ಬೇಡ."

ಎರಡನೆಯ ಪೆಟ್ಟು ತಂದೆಯವರದು. ರಜೆಯಲ್ಲಿ ಊರಿಗೆ ಬಂದಿದ್ದೆ. ಹೊಳೆಯ ಮೆಟ್ಟಿಲ ಮೇಲೆ ಅವರು ಹೊಸ ದಂಪತಿಗಳಿಗೆ ಮಂತ್ರಾಕ್ಷತೆ ಹಾಕಿ, ನೂರು ವರ್ಷ ಬಾಳಿರೆಂದು ಹರಸಿ ಕಳುಹಿಸಿದ್ದರಷ್ಟೆ. ಮೈಸೂರಿನಲ್ಲಿ ಏನು ಕಲಿಯುತ್ತಿದ್ದೀಯೆಂದು ಕೇಳಿದರು. ನಾನು ಕೋಷ್ಟಕವನ್ನು ವಿವರಿಸಿದೆ. ಹೊಸ ವಿದ್ಯೆಯ ಅಮಲಿನಲ್ಲಿ, ಈಗ ಮೆಟ್ಟಿಲು ಹತ್ತಿ ಹೋದ ಆ ವರ ಮುಪ್ಪನ್ನು ಮುಟ್ಟುವ ಸಂಭವವೇ ಅಷ್ಟಕ್ಕಷ್ಟೆ, ನೂರರ ಮಾತಂತೂ ಬೇಡ ಎಂದೆ. ತಂದೆಯವರ ಕೈ ಕೆನ್ನೆಗೆ ಬಿದ್ದ ರಭಸಕ್ಕೆ ನಾನು ಹೊರಳಿ ಹೊಳೆಯ ನೀರಿನಲ್ಲಿದ್ದೆ. ತುಟಿ ಕಲ್ಲಿಗೆ ಬಡಿದು ಒಡೆದಿತ್ತು.

"ನಾನು ಹರಸಿದವರನ್ನ ನೀನು ಹಿಂದಿನಿಂದ ಕೊಲ್ತಾ ಬರ್ತೀಯೇನೋ?"

ಹೊಡೆದ ಕೈಯಿಂದಲೇ ಎತ್ತಿದರು. ತಮ್ಮ ಉತ್ತರೀಯದಿಂದಲೇ ನನ್ನ ತಲೆ ಒರೆಸಿದರು. "ಓದು, ಬೇಡ ಅನ್ನೋದಿಲ್ಲ. ಆದರೆ ಎದುರಿಗೆ ನಿಂತ ಮನುಷ್ಯನನ್ನ ಅಂಕಿ ಮಾಡಬೇಡ," ಎಂದರು. ನಾನು ತಲೆಯಾಡಿಸಿದೆ. ಆ ಮಾತಿನ ಅರ್ಥ ನನಗಾದದ್ದು ಶರಾವತಿಯ ದಡದಲ್ಲಿ.

ಅರವತ್ತರ ದಶಕದ ಆರಂಭದ ವರ್ಷಗಳು. ಮುಂಬಯಿಯ ಒಂದು ಜೀವವಿಮಾ ಕಚೇರಿಯಲ್ಲಿ ನನಗೆ ಉಮೇದುವಾರನ ಕೆಲಸ ಸಿಕ್ಕಿತು. ಪ್ರಧಾನ ವಿಮಾಗಣಿತಜ್ಞರು ಧಾರವಾಡದ ಕಡೆಯವರು; ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೆಂಪು ಸೀಸದಕಡ್ಡಿ. ಒಂದು ದಿನ ಕರೆದು, ಎದುರಿಗೆ ಕೂರಿಸಿಕೊಂಡು, ನನ್ನ ಮೊದಲ ಸ್ವತಂತ್ರ ಕಾರ್ಯವನ್ನು ಒಪ್ಪಿಸಿದರು. ಶರಾವತಿಗೆ ದೊಡ್ಡ ಅಣೆಕಟ್ಟು ಏಳುತ್ತಿದ್ದ ಕಾಲವದು. ನೀರು ನಿಲ್ಲುವ ಮೊದಲು ಮುಳುಗಡೆಯ ಕಾಡನ್ನು ಕಡಿದು ನಾಟಾ ಸಾಗಿಸುವ ಗುತ್ತಿಗೆಗಳು ನಡೆದಿದ್ದವು. ಮರ ಕಡಿಯುವ ಅಂಥ ಜಾಗಕ್ಕೆ ಅಲ್ಲಿಯವರು ಕೂಪು ಎನ್ನುತ್ತಾರೆ. ಬ್ಯಾಕೋಡಿನ ಕಡೆಯ ಒಂದು ಕೂಪಿನಿಂದ ಇಡೀ ತಂಡಕ್ಕೆ ತಂಡವೇ ಜೀವವಿಮೆಗೆ ಅರ್ಜಿ ಹಾಕಿತ್ತು.

"ಅಲ್ಲಿ ಮಂದಿ ಸಾಯ್ತಾರ, ಅದು ಗೊತ್ತದ," ಎಂದರು ಹಿರಿಯರು. "ಮರಾ ಬಿದ್ದು ಸಾಯ್ತಾರೋ, ಒಬ್ಬರನ್ನೊಬ್ಬರು ಕಡಕೊಂಡು ಸಾಯ್ತಾರೋ, ಅದು ಗೊತ್ತಿಲ್ಲ. ಮರಾ ಆದ್ರ ಕಂತು ಹೆಚ್ಚ ಮಾಡಿ ತಗೊಳ್ಳೂಣು. ಕತ್ತಿ ಆದ್ರ ಬಾಗಿಲಾ ಹಾಕೂಣು. ನಿಮ್ಮ ಸೀಮಿ ಅದು, ನಿಮ್ಮ ಭಾಷಾ. ನೋಡಿ ಬರ್ರಿ."

ತೀರ್ಥಹಳ್ಳಿಯಲ್ಲಿ ತಂದೆತಾಯಿಯರಿಗೆ ನಮಸ್ಕರಿಸಿ, ಹುಂಚದ ದಾರಿಯ ಬಸ್ಸು ಹತ್ತಿ ಹೊಸನಗರಕ್ಕೆ ಬಂದೆ. ಬಸ್ಸು ಚಹಾಕ್ಕೆ ನಿಂತಾಗ ಪಕ್ಕದಲ್ಲಿ ದಿಮ್ಮಿ ತುಂಬಿದ ಲಾರಿಯೊಂದು ಬಂದು ನಿಂತಿತು. ದಿಮ್ಮಿಗಳ ಮೇಲೆ ಒಬ್ಬ ಮನುಷ್ಯನನ್ನು ಹಗ್ಗದಿಂದ ಕಟ್ಟಿ ಮಲಗಿಸಿದ್ದರು. ತಲೆಗೆ ಸುತ್ತಿದ ಕಂಬಳಿ ನೆಂದು ಕಪ್ಪಾಗಿ, ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಅವನು ಕಣ್ಣು ತೆರೆದು ಆಕಾಶ ನೋಡುತ್ತಿದ್ದ, ಸತ್ತಿರಲಿಲ್ಲ.

"ಕೂಪಿನವ್ರು," ಎಂದ ಕಂಡಕ್ಟರು, ಟಿಕೆಟ್ಟಿನ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತ. "ಹೊಡ್ಕಂಡಿರ್ತಾರೆ. ದಿನಾ ಇದ್ದಿದ್ದೇ."

ಸಾಗರದಲ್ಲಿ ನಮ್ಮ ಏಜೆಂಟರ ಮನೆಯಲ್ಲಿ ಇಳಿದುಕೊಂಡೆ. ಅವರು ಅಡಿಕೆ ವ್ಯಾಪಾರದ ಜೊತೆಗೆ ವಿಮೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಹವ್ಯಕರು.

"ಎಂತ ಮಾರಾಯ, ಒಬ್ನೇ ಹೊಂಟ್ಯಾ?" ಎಂದರು. "ಅಲ್ಲಿ ಮರ ಬಿದ್ದು ಸತ್ತವ್ಕಿಂತ ಕತ್ತಿ ಬಿದ್ದು ಸತ್ತವೇ ಜಾಸ್ತಿ ಹೇಳಿ ಜನ ಮಾತಾಡ್ತ."

"ಹಾಗಿದ್ದರೆ ಅವರ ಅರ್ಜಿಗಳನ್ನು ನೀವೇಕೆ ತೆಗೆದುಕೊಂಡಿರಿ?"

"ಎಂತ ಮಾಡ್ಲಿ? ಆ ಮೇಸ್ತ್ರಿ ಬಂದು ಜಗಲಿ ಮೇಲೆ ಕೂತ್ಕಂಡ. ಹೋಗು ಅಂದ್ರೆ ಹೋಗ್ತ್ನಿಲ್ಲೆ."

ಲಾರಿಯಲ್ಲಿ ಹೋಗಿ, ದೋಣಿಯಲ್ಲಿ ಹೊಳೆ ದಾಟಿ, ನಡೆದು ಕೂಪು ಸೇರಿದಾಗ ಮೊದಲು ಕಂಡದ್ದೇ ಹೊಡೆದಾಟ. ಬಿಡಾರಗಳ ನಡುವಿನ ಬಯಲಿನಲ್ಲಿ ಇಬ್ಬರು ತಮ್ಮ ಸೊಂಟದ ಕತ್ತಿಗಳನ್ನು ತೆಗೆದು ಒಂದು ಮರದ ಬುಡಕ್ಕೆ ಕಚ್ಚಿಸಿ, ಹಿಂದಿರುಗಿ, ಸೌದೆ ಕೊರಡುಗಳಿಂದ ಒಬ್ಬರನ್ನೊಬ್ಬರು ಬಡಿಯತೊಡಗಿದರು. ಒಬ್ಬನ ಮೂಗಿನಿಂದ ನೆತ್ತರು ಎದೆಗೆ ಇಳಿದಿತ್ತು. ಇನ್ನೊಬ್ಬನ ಕಿವಿ ಹರಿದಿತ್ತು. ಸುತ್ತಲಿದ್ದವರು ಬೀಡಿ ಸೇದುತ್ತ ನೋಡುತ್ತಿದ್ದರು. ಆಗ ಗಿಡ್ಡನೆಯ ಒಬ್ಬ ಮುದುಕ ಬಂದು ಇಬ್ಬರ ಮೊಣಕಾಲಿಗೂ ಒಂದೊಂದು ಬಾರಿಸಿ ಉರುಳಿಸಿದ. ಆ ಮುದುಕನೇ ಮೇಸ್ತ್ರಿ.

"ಬಂದ್ರಾ ಸ್ವಾಮಿ," ಎಂದ, ಏನೂ ನಡೆಯದವನಂತೆ. "ನೀವು ಒಂದು ಮಾತು ಬರೆದು ಕೊಡ್ಬೇಕು. ಹೋದ ಬೇಸಿಗೇಲಿ ನಮ್ಮೋನು ಒಬ್ಬ ಹೋದ. ಅವನ ಹೆಂಡ್ತಿ ಬಂದ್ಲು. ಒಂದು ಕಂಬ್ಳಿ, ಒಂದು ಕತ್ತಿ ಕೊಟ್ವಿ. ಅದನ್ನ ಮಡಿಲಲ್ಲಿ ಇಟ್ಕಂಡು ಹೊಳೆ ದಾಟಿದ್ಲು. ಇನ್ನೊಬ್ಬಳನ್ನ ಹಂಗೆ ಕಳ್ಸೋದು ನನ್ನ ಕೈಲಾಗಲ್ಲ."

ನಾನು ಮನಸ್ಸಿನಲ್ಲಿ ಆಗಲೇ ವರದಿಯ ಮೊದಲ ವಾಕ್ಯವನ್ನು ಕಟ್ಟಿಕೊಳ್ಳುತ್ತಿದ್ದೆ. ಅದು ಅವನಿಗೆ ಅನುಕೂಲವಾದ ವಾಕ್ಯವಾಗಿರಲಿಲ್ಲ.

ಸಂಜೆ ಬೆಳಕಿರುವಾಗಲೇ ಊಟಕ್ಕೆ ಕುಳಿತರು. ಅರ್ಜಿ ಹಾಕಿದವರೆಲ್ಲ ಅಲ್ಲಿದ್ದಾರೆಯೇ ಎಂದು ತಾಳೆ ನೋಡುವುದು ನನ್ನ ಕರ್ತವ್ಯ. ಸೀಸದಕಡ್ಡಿ ಹಿಡಿದು ಪಂಕ್ತಿಯ ಒಂದು ತುದಿಯಿಂದ ಹೊರಟೆ. ಒಬ್ಬೊಬ್ಬನ ತಲೆಯ ಕಡೆಗೂ ಕಡ್ಡಿ ತೋರುತ್ತ, ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಿದೆ. ಒಲೆಯ ಹತ್ತಿರವಿದ್ದ ಮೇಸ್ತ್ರಿ, "ಸ್ವಾಮಿ, ಬೇಡ, ಬೇಡ," ಎನ್ನುತ್ತ ಓಡಿಬಂದ. ಅಷ್ಟರಲ್ಲಿ ನಾನು ಕೊನೆಯವನನ್ನು ಮುಟ್ಟಿ ಒಟ್ಟು ಸಂಖ್ಯೆಯನ್ನು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಿದ್ದೆ.

ಆ ಸಂಖ್ಯೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಆಮೇಲೆ ಎಲ್ಲಿಯೂ ಬರೆದಿಲ್ಲ.

ನಮ್ಮ ಮನೆಯಲ್ಲಿ ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ನೆಂಟರ ಲೆಕ್ಕ ಕೇಳುವಾಗ ಎಷ್ಟು ಎಲೆ ಹಾಕಲಿ ಎನ್ನುತ್ತೇವೆ. ತಾಯಿ ಮಕ್ಕಳ ತಲೆಗಳನ್ನು ಎಣಿಸುವುದಿಲ್ಲ. ಉಸಿರಾಡುವುದನ್ನು ಬೆರಳು ಮಾಡಿ ಎಣಿಸಿದರೆ ಅದು ಕಡಿಮೆಯಾಗುತ್ತದೆಂಬುದು ತೀರ್ಥಹಳ್ಳಿ, ಹೊಸನಗರ, ಸಾಗರ ಈ ಮೂರು ತಾಲ್ಲೂಕಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ವರ್ಷಗಟ್ಟಲೆ ಲಕ್ಷ ಜನರನ್ನು ಸಾಲುಸಾಲಾಗಿ ಇಳಿಸಿ ಅಭ್ಯಾಸವಾದ ಕಣ್ಣಿಗೆ ಆ ಹೊತ್ತು ಕಂಡದ್ದು ಬರಿಯ ಸಾಲು.

ಯಾರೂ ತುತ್ತು ಎತ್ತಲಿಲ್ಲ. "ಹೋಮಕ್ಕೆ ಕುರಿ ಲೆಕ್ಕ ಆಯ್ತು ಭಟ್ರದ್ದು," ಎಂದ ಒಬ್ಬ. ಯಾರೂ ನಗಲಿಲ್ಲ. ಮೇಸ್ತ್ರಿ ನನ್ನ ತೋಳು ಹಿಡಿದು ಆಚೆಗೆ ಕರೆದುಕೊಂಡು ಹೋದ. "ಎಲೆ ಎಷ್ಟು ಅಂದಿದ್ರೆ ನಾನೇ ಹೇಳ್ತಿದ್ನಲ್ಲ ಸ್ವಾಮಿ," ಎಂದ.

ಮರುದಿನ ಬೆಳಿಗ್ಗೆ ಒಂದು ದೊಡ್ಡ ಮತ್ತಿ ಮರಕ್ಕೆ ಗರಗಸ ಹಾಕಿದ್ದರು. ಅದರ ಎರಡು ಹಿಡಿಗಳಲ್ಲಿ ಇಬ್ಬರು ಅಣ್ಣತಮ್ಮಂದಿರು. ನಾನು ದೂರದ ಬಂಡೆಯ ಮೇಲೆ ನಿಂತು ನೋಡುತ್ತಿದ್ದೆ. ಮರ ಬಿರುಕು ಬಿಟ್ಟ ಸದ್ದಾಯಿತು. ಇಬ್ಬರೂ ಗರಗಸ ಬಿಟ್ಟು ಸರಿದರು. ಮರ ಸರಿಯಾಗಿ ಅವರು ಅಂದುಕೊಂಡ ಕಡೆಗೇ ಬಾಗಿತು. ಆದರೆ ಅದರ ನೆತ್ತಿಯಿಂದ ತೊಡೆಗಾತ್ರದ ಬಳ್ಳಿಯೊಂದು ಪಕ್ಕದ ಹೊನ್ನೆಗೆ ಹಬ್ಬಿತ್ತು. ಬೀಳುವ ಮತ್ತಿ ಆ ಬಳ್ಳಿಯನ್ನು ಎಳೆಯಿತು. ಬಳ್ಳಿ ಹೊನ್ನೆಯ ಕೊಂಬೆಯನ್ನು ಸೀಳಿ ತಂದಿತು. ಕೊಂಬೆ ತಮ್ಮನ ಬೆನ್ನ ಮೇಲೆ ಬಿತ್ತು. ಅವನು ಓಡುತ್ತಿದ್ದವನು ಓಡುತ್ತಲೇ ನೆಲಕ್ಕೆ ಒತ್ತಿಹೋದ. ನಾನೂ ಬಂಡೆಯಿಂದಿಳಿದು ಓಡಿದೆ. ಎತ್ತುವಾಗ ಅವನ ಎದೆಯೊಳಗೆ ಏನೂ ಗಟ್ಟಿಯಾಗಿ ಉಳಿದಿರಲಿಲ್ಲ. ಬಾಯಿಂದ ನೆತ್ತರಿನ ಗುಳ್ಳೆ ಒಂದೆರಡು ಬಾರಿ ಉಬ್ಬಿ ಒಡೆಯಿತು, ಅಷ್ಟೆ.

ಅಣ್ಣ ಅಳಲಿಲ್ಲ. ತಮ್ಮನ ಮುಖದ ಮೇಲಿನ ಮಣ್ಣನ್ನು ಒರೆಸಿದ. ಎದ್ದು ಸುತ್ತ ನೋಡಿದ.

"ಎಣಿಸಿದೋನು ಎಲ್ಲಿ?"

ನಾನು ಅವನ ಹಿಂದೆಯೇ ನಿಂತಿದ್ದೆ. ಮೊದಲ ಪೆಟ್ಟು ಕೊಡಲಿಯ ಕಾವಿನದು, ಪಕ್ಕೆಗೆ. ಒಳಗೆ ಒಣಕಡ್ಡಿ ಮುರಿದ ಸದ್ದು ನನಗೇ ಕೇಳಿಸಿತು. ಎರಡನೆಯದು ಬಾಯಿಗೆ. ಬಿದ್ದ ಮೇಲೆ ಪಾದಗಳು: ಬೆನ್ನಿಗೆ, ಹೊಟ್ಟೆಗೆ, ಕುತ್ತಿಗೆಗೆ. ಜನಿವಾರ ಹರಿದು ಯಾರದೋ ಹೆಬ್ಬೆರಳಿಗೆ ಸುತ್ತಿಕೊಂಡಿತು. ಇಷ್ಟದೇವತೆಯ ನಾಮವನ್ನು ಹೇಳಲೆತ್ನಿಸಿದರೆ ಬಾಯಲ್ಲಿ ಹಲ್ಲು ಮತ್ತು ಮಣ್ಣು. ಕಣ್ಣು ತೆರೆದಾಗ ನನ್ನ ಮೇಲೆ ಅಣ್ಣನ ಕತ್ತಿ ಎದ್ದಿತ್ತು. ಅದು ಇಳಿಯಿತು ಕೂಡ. ಆದರೆ ನಡುವೆ ಮೇಸ್ತ್ರಿಯ ಮುಂಗೈ ಬಂದಿತ್ತು. ಚರ್ಮ ಬಿರಿದು ಬಿಳಿಯ ಎಲುಬು ಕಂಡಿತು.

"ಕತ್ತಿ ಬುಡಕ್ಕೆ ಕಚ್ಸಿ ಬರ್ಬೇಕು ಅಂತ ಮರ್ತೇ ಹೋಯ್ತಾ ನಿಂಗೆ?" ಎಂದು ಅವನು ಆ ನೆತ್ತರಿನ ಕೈಯನ್ನು ಎತ್ತಿಹಿಡಿದೇ ಕೇಳಿದ. "ಇವರನ್ನ ಕಡಿದ್ರೆ ಎಂತ ಆಗತ್ತೆ? ಬಾಯಲ್ಲಿ ಬಂದ ಲೆಕ್ಕ ಈಗ ಒಂದು ಕಮ್ಮಿ. ತುಂಬೋ ತನಕ ಅದು ಎಳೀತಾನೇ ಇರತ್ತೆ, ನಿನ್ನನ್ನ, ನನ್ನನ್ನ. ಎಣಿಸಿದೋನೇ ಬಂದು ಆ ಜಾಗ ತುಂಬ್ಲಿ. ಸೂತಕ ಕಳೆಯೋ ತನಕ ನಿನ್ನ ತಮ್ಮನ ಹಿಡಿ ಇವರು ಹಿಡೀಲಿ."

ಅಣ್ಣ ನನ್ನ ಮುಖದ ಮೇಲೆ ಉಗಿದು ಹಿಂದೆ ಸರಿದ. ಹೆಣವನ್ನು ಊರಿಗೆ ಸಾಗಿಸಲು ಕೆಲವರು ಹೊರಟರು. ನಾನೂ ಅದೇ ದೋಣಿಯಲ್ಲಿ ಹೊರಟುಬಿಡಬಹುದಾಗಿತ್ತು. ಮೇಸ್ತ್ರಿಯೇ ನನ್ನನ್ನು ದಡದವರೆಗೆ ನಡೆಸಿಕೊಂಡು ಬಂದಿದ್ದ. "ಹೋಗೋದಾದ್ರೆ ಹೋಗಿ ಸ್ವಾಮಿ. ಆದ್ರೆ ನೀವು ಈಗ ಹೋದ್ರೆ ಎಂತ ಬರೀತೀರಿ ಅಂತ ನಂಗೆ ಗೊತ್ತು," ಎಂದ. ಕಟ್ಟಿದ ಕೈಯಿಂದ ನೆತ್ತರು ಇನ್ನೂ ಜಿನುಗುತ್ತಿತ್ತು.

ಅಲ್ಲಿ ಗುತ್ತಿಗೆದಾರರ ಗುಮಾಸ್ತ ದೋಣಿಯವನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು. "ಅದೇ, ಕುಡ್ಕಂಡು ಹೊಡ್ಕಂಡು ಸತ್ತ. ಆಚೆ ದಡದಲ್ಲಿ ಯಾರಾದ್ರೂ ಕೇಳಿದ್ರೆ ಹಂಗೇ ಹೇಳು. ಮರ ಅಂದ್ರೆ ಕೆಲ್ಸ ನಿಲ್ಸ್ತಾರೆ."

ಆ ಹೆಣದ ಬಾಯಲ್ಲಿ ಕೊನೆಯ ಗುಳ್ಳೆ ಒಡೆದದ್ದನ್ನು ನನ್ನ ಕಣ್ಣಾರೆ ನೋಡಿ ಇನ್ನೂ ಬಿಸಿಲು ಏರಿರಲಿಲ್ಲ. ಸಾಗರದ ಜಗಲಿಯ ಮಾತು, ಹೊಸನಗರದ ಕಂಡಕ್ಟರನ ಮಾತು ಎಲ್ಲಿ ಹುಟ್ಟುತ್ತವೆಂಬುದು ಆಗ ತಿಳಿಯಿತು. ನಾನು ದೋಣಿ ಹತ್ತದೆ ಹಿಂದಿರುಗಿದೆ.

ಮೇಸ್ತ್ರಿ ನನ್ನ ಪಕ್ಕೆಗೆ ಹಳೆಯ ಪಂಚೆ ಸುತ್ತಿ, ಉಸಿರು ಕಟ್ಟುವಂತೆ ಬಿಗಿದ. ಇಬ್ಬರೂ ಒಂದೇ ಸೊಪ್ಪಿನ ರಸ ಹಚ್ಚಿಕೊಂಡೆವು. ಹರಿದ ಜನಿವಾರವನ್ನು ಹೊಳೆಗೆ ಬಿಟ್ಟು, ಚೀಲದಲ್ಲಿದ್ದ ಹೊಸದನ್ನು ಧರಿಸಿ, ಒಡೆದ ತುಟಿಯಿಂದಲೇ ಸಂಧ್ಯಾವಂದನೆ ಮುಗಿಸಿದೆ. ಅರ್ಘ್ಯದ ನೀರು ಕೆಂಪಾಗಿ ಬೊಗಸೆಯಿಂದ ಇಳಿಯಿತು. ಊರಲ್ಲಿ ಸಂಸ್ಕಾರ ಮುಗಿಸಿ ಅಣ್ಣ ಮರಳಿದ ಮರುದಿನ ಗರಗಸದ ಆಚೆಯ ಹಿಡಿಯನ್ನು ಹಿಡಿದೆ. ಈಚೆಯ ಹಿಡಿಯಲ್ಲಿ ನನ್ನನ್ನು ಕೊಲ್ಲಲು ಕತ್ತಿಯೆತ್ತಿದವನು.

ಇಬ್ಬರ ಗರಗಸದಲ್ಲಿ ತಳ್ಳುವುದಿಲ್ಲ, ಎಳೆಯುವುದಷ್ಟೆ. ಅವನು ಎಳೆದಾಗ ನಾನು ಕೊಡಬೇಕು, ನಾನು ಎಳೆದಾಗ ಅವನು ಕೊಡಬೇಕು. ಅವನು ನನ್ನ ಭುಜದ ಕೀಲು ಕಳಚುವಂತೆ ಎಳೆಯುತ್ತಿದ್ದ. ಮುರಿದ ಎಲುಬು ಒಳಗೆ ಉಜ್ಜಿ ಕಣ್ಣು ಕತ್ತಲಾಗುತ್ತಿತ್ತು. ಅಂಗೈಯ ಚರ್ಮ ಹಿಡಿಗೆ ಅಂಟಿಕೊಂಡು ಕಿತ್ತುಬರುತ್ತಿತ್ತು.

"ಎಳೀರಿ ಭಟ್ರೇ," ಎನ್ನುತ್ತಿದ್ದ. "ಮಂತ್ರ ಹೇಳಿದ್ರೆ ಮರ ಬೀಳಲ್ಲ."

"ಮಂತ್ರ ನಿನಗಾಗಿ ಹೇಳುತ್ತಿದ್ದೇನೆ."

"ನನ್ನ ತಮ್ಮಂಗೆ ಹೇಳಿ. ನಂಗೆ ಎಳೆದು ಕೊಡಿ, ಸಾಕು."

ಅವನು ನನ್ನೊಡನೆ ಆಡುತ್ತಿದ್ದ ಮಾತು ಅಷ್ಟೆ. ಆದರೂ ಕೆಲಸ ಒಂದು ಲಯಕ್ಕೆ ಬಂದಿತು. ದ್ವೇಷಿಸುವವನ ಉಸಿರಿಗೆ ನಮ್ಮ ಉಸಿರು ಕೂಡಿಸದೆ ಮರ ಕೊಯ್ಯಲಾಗುವುದಿಲ್ಲ. ಸುತ್ತಲೂ ಇಡೀ ದಿನ ಕಾಡು ಒಡೆದು ಬೀಳುತ್ತಿತ್ತು. ಬೇರು ಕಿತ್ತ ಮಣ್ಣು ಹಸಿಮಾಂಸದಂತೆ ನಾರುತ್ತಿತ್ತು. ಗೂಡು ಕಳೆದುಕೊಂಡ ಹಕ್ಕಿಗಳು ತಲೆಯ ಮೇಲೆ ಕಿರುಚುತ್ತಿದ್ದವು. ಬುಡದಿಂದೆದ್ದ ಹಾವುಗಳನ್ನು ಕಂಡಲ್ಲಿ ಕಡಿಯುತ್ತಿದ್ದರು. ಸಂಜೆ ಬಿಡಾರದಲ್ಲಿ ಒಲೆಗಾಗಿ, ಜಾಗಕ್ಕಾಗಿ, ಬೀಡಿಗಾಗಿ ಜಗಳ. ಹಲ್ಲು ಉದುರಿದ್ದನ್ನು ಕಂಡೆ, ಬೆರಳು ಮುರಿದದ್ದನ್ನು ಕಂಡೆ. ಆದರೆ ಪ್ರತಿ ಜಗಳಕ್ಕೂ ಮೊದಲು ಕತ್ತಿಗಳು ಆ ಬುಡಕ್ಕೆ ಹೋಗಿ ಕಚ್ಚಿಕೊಳ್ಳುತ್ತಿದ್ದವು. ಬಂದ ದಿನ ನಾನು ನೋಡಿಯೂ ಅರ್ಥ ಮಾಡಿಕೊಳ್ಳದೆ ಬಿಟ್ಟಿದ್ದು ಅದು. ಮರದ ಬುಡದ ತುಂಬ ಕತ್ತಿಯ ಬಾಯಿಯ ಗುರುತು, ಹಳೆಯದರ ಮೇಲೆ ಹೊಸದು.

ಬಳ್ಳಿಗಳನ್ನು ಮೊದಲೇ ಕಡಿದು ಒಣಗಲು ಏಕೆ ಬಿಡುವುದಿಲ್ಲವೆಂದು ಮೇಸ್ತ್ರಿಯನ್ನು ಕೇಳಿದೆ.

"ಬಿಡ್ಬೇಕು ಸ್ವಾಮಿ. ಮುಂಚೆ ಬಿಡ್ತಿದ್ವಿ. ಈಗ ಗುತ್ತಿಗೆ ಸಾಹುಕಾರ್ರು ಬಿಡಲ್ಲ. ನೀರು ಬರತ್ತೆ, ನೀರು ಬರತ್ತೆ ಅಂತಾರೆ."

ಸೂತಕ ಕಳೆಯಲು ಇನ್ನು ಸ್ವಲ್ಪವೇ ಉಳಿದಿತ್ತು. ಒಂದು ಮಧ್ಯಾಹ್ನ ನಾವಿಬ್ಬರೂ ಬೋಗಿ ಮರವೊಂದರ ಬುಡದಲ್ಲಿ ಮಂಡಿಯೂರಿದ್ದೆವು. ಗರಗಸ ತಿರುಳು ದಾಟಿತ್ತು. ಮರ ನರಳಿತು. ನಾನು ಹಿಡಿ ಬಿಟ್ಟು ಎದ್ದೆ. ಪಕ್ಕೆಯ ನೋವಿಗೆ ನೇರವಾಗಿ ನಿಲ್ಲಲಾಗದೆ ಬಾಗಿದೆ. ಮೇಲೆ ಬಳ್ಳಿ ಬಿಗಿದ ಸದ್ದು, ಹಗ್ಗ ತುಂಡಾಗುವಾಗಿನ ಸದ್ದು. ತಲೆಯೆತ್ತುವಷ್ಟರಲ್ಲಿ ಬುಡ ಸುತ್ತಿ ಧಾವಿಸಿಬಂದ ಅವನ ಪಾದ ಮುರಿದ ಪಕ್ಕೆಗೇ ಒದೆಯಿತು. ನಾನು ಇಳಿಜಾರಿನಲ್ಲಿ ಉರುಳಿಹೋದೆ. ನಾನು ನಿಂತಿದ್ದ ಜಾಗದಲ್ಲಿ ಕೊಂಬೆ ನೆಟ್ಟಗೆ ಇಳಿದು ನೆಲದೊಳಗೆ ಹೊಕ್ಕಿತು. ನನ್ನನ್ನು ಒದ್ದ ಕಾಲು ಹಿಂದಕ್ಕೆ ಬರುವಷ್ಟು ಹೊತ್ತಿರಲಿಲ್ಲ.

ಕೊಂಬೆಯನ್ನು ಸರಿಸಲು ಆರೇಳು ಮಂದಿ ಬೇಕಾಯಿತು. ಕಣಕಾಲಿನಿಂದ ಕೆಳಗೆ ಪಾದವೆಂಬುದು ಉಳಿದಿರಲಿಲ್ಲ. ಮಣ್ಣು, ಚರ್ಮ, ಎಲುಬಿನ ಚೂರು ಬೆರೆತ ಮುದ್ದೆ. ಅವನು ಕೂಗಲಿಲ್ಲ. ಬಾಯಲ್ಲಿ ಕಚ್ಚಿಕೊಂಡಿದ್ದ ಮೇಲುವಸ್ತ್ರ ಹರಿಯಿತು. ಮೇಸ್ತ್ರಿ ತೊಡೆಗೆ ಹಗ್ಗ ಬಿಗಿದ. ನಾನು ತೆವಳಿಕೊಂಡು ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ.

"ಏಕೆ ಮಾಡಿದೆ?" ಎಂದೆ.

"ಲೆಕ್ಕ ಮತ್ತೆ ತಪ್ಬಾರ್ದು ಅಂತ," ಎಂದ, ಹಲ್ಲು ಕಚ್ಚಿ. "ನಿಮ್ಮ ಮೇಲೆ ಪ್ರೀತಿ ಅಂತ ತಿಳ್ಕಂಬೇಡಿ."

"ತಿಳಿದುಕೊಳ್ಳುವುದಿಲ್ಲ."

"ಹಂಗಾದ್ರೆ ನೀರು ಕೊಡಿ."

ನಾನು ನನ್ನ ಪಂಚಪಾತ್ರೆಯಿಂದಲೇ ಅವನ ಬಾಯಿಗೆ ನೀರು ಹಾಕಿದೆ. ಆ ಪಾತ್ರೆಯನ್ನು ಇಂದಿಗೂ ಪೂಜೆಗೆ ಬಳಸುತ್ತಿದ್ದೇನೆ. ಅವನನ್ನು ಸಾಗರದ ಆಸ್ಪತ್ರೆಗೆ ಹೊತ್ತು ಹೋದರು. ಉಳಿದ ಕೆಲವು ದಿನ ನಾನು ಮೇಸ್ತ್ರಿಯ ಎದುರು ಗರಗಸ ಎಳೆದೆ.

ಸೂತಕ ಕಳೆದು ನಾನು ಹೊರಡುವ ದಿನ, ಅರ್ಜಿದಾರರೆಲ್ಲ ಇದ್ದಾರೆಂದು ಕಚೇರಿಗೆ ತೋರಿಸುವುದು ಹೇಗೆಂದು ಮೇಸ್ತ್ರಿಯನ್ನು ಕೇಳಿದೆ. ಅವನು ನನ್ನ ಬಟ್ಟೆಯ ಚೀಲವನ್ನು ತೆಗೆದುಕೊಂಡು ಬಾಯಿ ಅಗಲಿಸಿ ಹಿಡಿದ. ಒಬ್ಬೊಬ್ಬನೂ ಬಂದು, ತಾನು ಕಡಿದ ಮರದ ಒಂದೊಂದು ಚಕ್ಕೆಯನ್ನು ಅದರೊಳಗೆ ಹಾಕಿದ. ಆಸ್ಪತ್ರೆಯಲ್ಲಿದ್ದವನದನ್ನು ಮೇಸ್ತ್ರಿ ಹಾಕಿದ. ಕೊನೆಗೆ ಇನ್ನೊಂದು ಚಕ್ಕೆ ಎತ್ತಿ, "ಇದು ನಿಮ್ದು," ಎಂದು ಹಾಕಿ, ಚೀಲದ ಬಾಯಿ ಕಟ್ಟಿದ. ಕತ್ತಿಯೇಟಿನ ಗಾಯ ಅವನ ಮುಂಗೈಯಲ್ಲಿ ಇನ್ನೂ ಹಸಿಯಾಗಿತ್ತು. ಬರೆದು ಕೊಡುತ್ತೀರಾ ಎಂದು ಅವನು ಮತ್ತೆ ಕೇಳಲಿಲ್ಲ.

ಮುಂಬಯಿಯಲ್ಲಿ ಹಿರಿಯರು ನನ್ನನ್ನು ನೋಡಿ ಎದ್ದು ನಿಂತರು. "ಬರ್ರಿ, ಕೂಡ್ರಿ. ಬಾಯಿಗೆ ಏನಾಗೇದ? ಯಾರು ಹೊಡದ್ರು?"

"ಆ ತಂಡದವರೇ."

"ಕತ್ತಿ?"

"ಒಬ್ಬ ಎತ್ತಿದ. ಅವರ ಮೇಸ್ತ್ರಿ ಕೈಯೊಡ್ಡಿ ತಡೆದ."

ಅವರು ಕೆಂಪು ಸೀಸದಕಡ್ಡಿ ಎತ್ತಿಕೊಂಡರು. "ಮತ್ತ, ಬಾಗಿಲಾ ಹಾಕೂಣೇನು?"

ಹೌದೆಂದಿದ್ದರೆ ಸಾಕಾಗಿತ್ತು. ನನ್ನ ಮುಖವೇ ಸಾಕ್ಷಿ. ಇನ್ನೊಂದು ಮಾತು ಕೇಳುತ್ತಿರಲಿಲ್ಲ. ನಾನು ನಡೆದದ್ದನ್ನು ನಡೆದಂತೆ ಹೇಳಿದೆ: ನನ್ನ ಎಣಿಕೆ, ಬಳ್ಳಿ, ಗುಮಾಸ್ತ ದೋಣಿಯಲ್ಲಿ ಕಟ್ಟಿ ಕಳುಹಿಸಿದ ಮಾತು, ಬುಡಕ್ಕೆ ಕಚ್ಚಿಸುವ ಕತ್ತಿ, ಪಕ್ಕೆಗೆ ಬಿದ್ದ ಒದೆ. "ಅಲ್ಲಿ ಹೊಡೆಯುತ್ತಾರೆ. ಆದರೆ ಕೊಲ್ಲುವುದು ಅವಸರದಲ್ಲಿ ಬೀಳಿಸುವ ಮರ," ಎಂದೆ.

ಅವರು ಚೀಲ ಬಿಚ್ಚಿ ಚಕ್ಕೆಗಳನ್ನು ಮೇಜಿನ ಮೇಲೆ ಸುರಿದು, ತುಟಿ ಅಲ್ಲಾಡಿಸದೆ ಎಣಿಸಿದರು. ಮತ್ತಿ, ಹೊನ್ನೆ, ಬೋಗಿಗಳ ವಾಸನೆ ಆ ಕಚೇರಿಯ ತುಂಬ ಹರಡಿತು.

"ಅರ್ಜಿ ಎಷ್ಟೋ ಅಷ್ಟೇ ಅವ. ಒಬ್ಬ ಸತ್ತಾನಂತೀರಿ?"

"ಒಂದು ನನ್ನದು."

ಅವರು ಒಂದು ಚಕ್ಕೆಯನ್ನು ಆರಿಸಿ ನನ್ನ ಕಡೆಗೆ ಸರಿಸಿದರು. "ಇದಕ್ಕ ಎಲ್ಲಾರಕಿಂತ ಹೆಚ್ಚ ಕಂತು ಹಾಕಬೇಕು ನೋಡ್ರಿ. ಎಣಿಸೋ ಚಟಾ ಅದ." ನಗಲಿಲ್ಲ. ಅರ್ಜಿಗಳನ್ನು ಒಂದೊಂದಾಗಿ ತೆಗೆದು, ಹೆಚ್ಚಿನ ಕಂತು ಗುರುತಿಸಿ, ಒಪ್ಪಿಗೆಯ ಸಹಿ ಹಾಕುತ್ತ ಹೋದರು. ಅಣ್ಣನ ಅರ್ಜಿಗೆ ಬಂದಾಗ ತಡೆದರು. "ಇಂವಾ ಇನ್ನ ಮರಾ ಕಡಿಯೂದಿಲ್ಲ. ಸಾದಾ ಕಂತು," ಎಂದರು. ಕಾಲು ಕೊಟ್ಟು ಪಡೆದ ರಿಯಾಯಿತಿ ಅದು. ತಮ್ಮನ ಅರ್ಜಿಯ ಮೇಲೆ ಏನನ್ನೂ ಬರೆಯಲಾಗಲಿಲ್ಲ. ಒಪ್ಪಿಗೆಗೆ ಮೊದಲೇ ಸತ್ತವನಿಗೆ ನಮ್ಮ ಶಾಸ್ತ್ರದಲ್ಲಿ ದಾರಿಯಿಲ್ಲ. ಹಿರಿಯರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಪಕ್ಕಕ್ಕಿಟ್ಟರು.

ನನ್ನ ವೃತ್ತಿ ಹೀಗೆ ಆರಂಭವಾಯಿತು. ಆಮೇಲೆ ಅದೆಷ್ಟೋ ಕೋಷ್ಟಕಗಳನ್ನು ಕಟ್ಟಿದೆ. ಮೊದಲ ಸಾಲಿಗೆ ಬಂದಾಗಲೆಲ್ಲ ಮನಸ್ಸಿನಲ್ಲಿ ಲಾಭ ಎಂದೇ ಹೇಳಿಕೊಂಡೆ. ಆ ಕೂಪು, ಆ ಬಿಡಾರ, ಕತ್ತಿಗುರುತು ತುಂಬಿದ ಆ ಬುಡ ಈಗ ಹಿನ್ನೀರಿನ ತಳದಲ್ಲಿವೆ.

ಹೊಡೆದ ಕೈಗಳಿಗೆ ಒಳಿತಾಗಲಿ. ತಡೆದ ಮುಂಗೈಗೆ ಒಳಿತಾಗಲಿ. ಕೊಂಬೆಯ ಕೆಳಗೆ ಮಲಗಿದ ತಮ್ಮನಿಗೆ ಸದ್ಗತಿಯಾಗಲಿ. ಒದ್ದು ಉಳಿಸಿದ ಅಣ್ಣನ ಕಾಲು ಯಾವ ಲೋಕದಲ್ಲಿಯಾದರೂ ಅವನಿಗೆ ಮರಳಿ ದೊರೆಯಲಿ. ಸುಳ್ಳು ಹೇಳಿದ ಗುಮಾಸ್ತನಿಗೂ, ಬೀಳುವ ಮೊದಲು ನರಳಿ ಎಚ್ಚರಿಸಿದ ಮರಗಳಿಗೂ ಶಾಂತಿಯಿರಲಿ. ಅವರ ಮಕ್ಕಳು, ಮಕ್ಕಳ ಮಕ್ಕಳು, ನಮ್ಮ ತಂದೆಯವರು ಹೊಳೆಯ ಮೆಟ್ಟಿಲ ಮೇಲೆ ಹರಸುತ್ತಿದ್ದಂತೆ, ನೂರು ವರ್ಷ ಬಾಳಲಿ. ಲೆಕ್ಕ ಬಲ್ಲವನಾಗಿಯೇ ಈ ಮಾತು ಹೇಳುತ್ತಿದ್ದೇನೆ.